ಹದಿಮೂರು ವರ್ಷ ಹಳೆಯ ಬುಟ್ಟಿ: ಭಾರತದ ಹಣದುಬ್ಬರ ಲೆಕ್ಕದ ಒಂದು ಪ್ರಕರಣ ಅಧ್ಯಯನ

2024ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 6.21 ಇತ್ತು. ಸರಿಯಾಗಿ ಒಂದು ವರ್ಷದ ನಂತರ, 2025ರ ಅಕ್ಟೋಬರ್‌ನಲ್ಲಿ, ಅದು ಶೇ 0.25ಕ್ಕೆ ಇಳಿಯಿತು. ಮೊದಲನೆಯದು ರಿಸರ್ವ್ ಬ್ಯಾಂಕ್‌ಗೆ ಹಾಕಿಕೊಟ್ಟಿರುವ ಶೇ 6ರ ಮೇಲ್ಮಿತಿಯನ್ನು ದಾಟಿತ್ತು. ಎರಡನೆಯದು ಆ ಸೂಚ್ಯಂಕ ಸರಣಿ ಶುರುವಾದಾಗಿನಿಂದ ಕಂಡ ಅತಿ ಕಡಿಮೆ ಮಟ್ಟ. ಸಂಬಳ ಬಂದ ದಿನ ಬಾಡಿಗೆ, ಶಾಲೆ ಫೀಸು, ಔಷಧಿ, ಹಾಲಿನ ಲೆಕ್ಕ ಚುಕ್ತಾ ಮಾಡುವವರಿಗೆ 2025ರಲ್ಲಿ ಬೆಲೆ ಏರಿಕೆ ನಿಂತೇಹೋಯಿತು ಎಂದು ಅನ್ನಿಸಲಿಲ್ಲ. ಹಾಗೆಂದು ಅಂಕಿಅಂಶ ಸಚಿವಾಲಯ ಸುಳ್ಳು ಹೇಳುತ್ತಿರಲಿಲ್ಲ. ಬೆಲೆಗಳನ್ನು ಸರಿಯಾಗಿಯೇ ಸಂಗ್ರಹಿಸಿದ್ದರು. ತೊಂದರೆ ಇದ್ದದ್ದು ಆ ಬೆಲೆಗಳಿಗೆ ಕೊಡುವ ತೂಕದಲ್ಲಿ.

ಈ ಎರಡು ಅಂಕಿಗಳ ನಡುವೆ ಉಯ್ಯಾಲೆ ಆಡಿದ್ದು ಮುಖ್ಯವಾಗಿ ತರಕಾರಿ. 2024ರ ಅಕ್ಟೋಬರ್‌ನಲ್ಲಿ ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ ಶೇ 42.18 ಹೆಚ್ಚಿತ್ತು. ಮರುವರ್ಷ ಅದೇ ತಿಂಗಳು ಶೇ 27.57 ಕಡಿಮೆಯಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಸಿದ್ದೂ ಸ್ವಲ್ಪ ಸೇರಿಕೊಂಡಿತು. ಹಿಂದಿನ ವರ್ಷ ಬೆಲೆ ಆಕಾಶದಲ್ಲಿದ್ದ ಕಾರಣ ಈ ವರ್ಷದ್ದು ಇನ್ನೂ ಪಾತಾಳದಲ್ಲಿ ಕಂಡಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಟೊಮೆಟೊ, ಈರುಳ್ಳಿ, ಆಲೂಗೆಡ್ಡೆ ಏರಿಳಿದರೆ ಇಡೀ ದೇಶದ ಹಣದುಬ್ಬರ ಇಷ್ಟೊಂದು ಜೋಲಿ ಹೊಡೆಯಬೇಕೆ?

ಗ್ರಾಹಕ ಬೆಲೆ ಸೂಚ್ಯಂಕವೆಂದರೆ ಒಂದು ಬುಟ್ಟಿಯ ಒಟ್ಟು ಬೆಲೆ. ಒಂದು ಸರಾಸರಿ ಕುಟುಂಬ ತಿಂಗಳಿಗೆ ಏನೇನು ಎಷ್ಟೆಷ್ಟು ಕೊಳ್ಳುತ್ತದೆ ಎಂದು ಸಮೀಕ್ಷೆ ಮಾಡಿ, ಖರ್ಚಿನಲ್ಲಿ ಪ್ರತಿ ವಸ್ತುವಿಗೆ ಇರುವ ಪಾಲನ್ನೇ ಅದರ ತೂಕವಾಗಿ ಇಟ್ಟುಕೊಳ್ಳುತ್ತಾರೆ. ಆಮೇಲೆ ತಿಂಗಳು ತಿಂಗಳೂ ಅದೇ ಬುಟ್ಟಿಗೆ ಎಷ್ಟು ಕೊಡಬೇಕಾಯಿತು ಎಂದು ನೋಡುತ್ತಾರೆ. 2012ನ್ನು ಮೂಲ ವರ್ಷವಾಗಿಟ್ಟುಕೊಂಡ ಸರಣಿಗೆ ತೂಕ ಸಿಕ್ಕಿದ್ದು 2011-12ರ ಸಮೀಕ್ಷೆಯಿಂದ. ಅದರಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇ 45.86. ಗ್ರಾಮೀಣ ಭಾಗಕ್ಕೆ ಬೇರೆಯಾಗಿ ನೋಡಿದರೆ ಶೇ 54.18. ತರಕಾರಿ ಒಂದಕ್ಕೇ ಶೇ 6.04, ಅಕ್ಕಿ ಗೋಧಿ ರಾಗಿಯಂಥ ಧಾನ್ಯಗಳಿಗೆ ಶೇ 9.67.

ಆ ಬುಟ್ಟಿಯಲ್ಲಿ ಟೇಪ್‌ರೆಕಾರ್ಡರ್ ಇತ್ತು, ವಿಸಿಆರ್ ಮತ್ತು ಡಿವಿಡಿ ಪ್ಲೇಯರ್ ಇದ್ದವು, ಕ್ಯಾಸೆಟ್ ಇತ್ತು, ಕುದುರೆಗಾಡಿ ಬಾಡಿಗೆಯೂ ಇತ್ತು. ಪತ್ರಿಕೆಗಳು ಇದನ್ನೇ ಹಿಡಿದು ನಕ್ಕವು. ನಗಬಹುದು, ಆದರೆ ಅವುಗಳ ತೂಕ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಕ್ಯಾಸೆಟ್ ಇದ್ದುದರಿಂದ ಯಾರ ಮನೆ ಸಾಲದ ಕಂತೂ ಹೆಚ್ಚಾಗಲಿಲ್ಲ. ನಿಜವಾದ ಎಡವಟ್ಟು ಅಕ್ಕಿ ಮತ್ತು ತರಕಾರಿಯ ತೂಕದಲ್ಲಿತ್ತು.

ಜನರ ಖರ್ಚು ಎಷ್ಟು ಬದಲಾಯಿತು ಎಂಬುದಕ್ಕೆ ಸರ್ಕಾರದ್ದೇ ಗೃಹ ಬಳಕೆ ವೆಚ್ಚ ಸಮೀಕ್ಷೆ ಇದೆ. 1999-2000ದಲ್ಲಿ ಹಳ್ಳಿಯ ಕುಟುಂಬ ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಸುಮಾರು 59 ರೂಪಾಯಿ ಹೊಟ್ಟೆಗೆ ಹೋಗುತ್ತಿತ್ತು. 2011-12ರಲ್ಲಿ 53 ರೂಪಾಯಿ. 2022-23ರಲ್ಲಿ 46 ರೂಪಾಯಿ. ಹಳ್ಳಿಯ ಮಟ್ಟಿಗೆ ಇದು ಸಣ್ಣ ಸುದ್ದಿಯಲ್ಲ: ಅರ್ಧಕ್ಕಿಂತ ಹೆಚ್ಚು ಹಣ ಊಟದಾಚೆಗೆ ಹೋಗುತ್ತಿದೆ. ಪಟ್ಟಣಗಳಲ್ಲಿ ಇದೇ ಪಾಲು 2011-12ರ ಶೇ 42.6ರಿಂದ 39.2ಕ್ಕೆ ಬಂತು. ಧಾನ್ಯದ ಕಥೆ ಇನ್ನೂ ಜೋರು. ಹಳ್ಳಿಗಳಲ್ಲಿ ಅದರ ಪಾಲು ಶೇ 10.7ರಿಂದ 4.9ಕ್ಕೆ ಕುಸಿಯಿತು, ಅರ್ಧಕ್ಕೂ ಕಡಿಮೆ. ಆ ಜಾಗಕ್ಕೆ ಬಂದದ್ದರಲ್ಲಿ ಬಿಸ್ಕತ್ತು, ಚಿಪ್ಸ್, ಹೋಟೆಲ್ ಊಟ, ಜ್ಯೂಸಿನಂಥ ಪಾನೀಯ ಮತ್ತು ಸಿದ್ಧ ಆಹಾರ ಮುಖ್ಯ. ಹಳ್ಳಿಯಲ್ಲೂ ಈ ಗುಂಪಿನ ಪಾಲು ಶೇ 9.6 ಆಗಿ ಧಾನ್ಯಗಳ ಎರಡರಷ್ಟಾಗಿತ್ತು.

ಆದಾಯ ಹೆಚ್ಚಿದಂತೆ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿಕೊಟ್ಟಿದ್ದ. ಹಾಗಿದ್ದರೆ ಇಲ್ಲಿ ಆಶ್ಚರ್ಯ ಪಡುವಂಥದ್ದೇನಿಲ್ಲ. ಆಶ್ಚರ್ಯ ಇರುವುದು ತೂಕವನ್ನು ಹದಿಮೂರು ವರ್ಷ ಮುಟ್ಟದೆ ಬಿಟ್ಟದ್ದರಲ್ಲಿ.

ಅದಕ್ಕೆ ಕಾರಣ ಇದೆ, ಅಷ್ಟು ಚೆಂದದ ಕಾರಣವಲ್ಲ. ಐದು ವರ್ಷಕ್ಕೊಮ್ಮೆ ನಡೆಯಬೇಕಾದ ಸಮೀಕ್ಷೆ 2017-18ರಲ್ಲಿ ನಡೆದೂ ಇತ್ತು. 2019ರ ನವೆಂಬರ್‌ನಲ್ಲಿ ಅದರ ವರದಿಯ ಕೆಲವು ಅಂಶಗಳು ಪತ್ರಿಕೆಯೊಂದರಲ್ಲಿ ಬಂದವು. ಹಳ್ಳಿಗಳ ಬಳಕೆ ಇಳಿದಿದೆ ಎಂಬುದು ಅದರ ಸಾರ. ಕೆಲವೇ ಹೊತ್ತಿನಲ್ಲಿ ಸರ್ಕಾರ, ದತ್ತಾಂಶದ ಗುಣಮಟ್ಟ ಸರಿಯಿಲ್ಲ ಎಂದು ಹೇಳಿ ವರದಿಯನ್ನೇ ಕೈಬಿಟ್ಟಿತು. ಬೆನ್ನಿಗೇ ಕೊರೊನಾ. ಮುಂದಿನ ಸಮೀಕ್ಷೆ ನಡೆದದ್ದು 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ. ಗುಣಮಟ್ಟದ ಬಗ್ಗೆ ಸರ್ಕಾರಕ್ಕಿದ್ದ ಅನುಮಾನ ನ್ಯಾಯವಾದದ್ದೇ ಇರಬಹುದು. ಆದರೆ ಅನುಮಾನವಿದ್ದ ಸಮೀಕ್ಷೆಯನ್ನು ಎಲ್ಲರೆದುರು ಇಟ್ಟು ಚರ್ಚೆ ಮಾಡುವುದಕ್ಕೂ ಕಪಾಟಿನಲ್ಲಿಟ್ಟು ಬೀಗ ಹಾಕುವುದಕ್ಕೂ ವ್ಯತ್ಯಾಸವಿದೆ. ಆ ಬೀಗದ ಬೆಲೆ ಎಂದರೆ ಮಧ್ಯದಲ್ಲಿ ಸಿಗಬೇಕಿದ್ದ ಒಂದು ಹೊಸ ಬುಟ್ಟಿ ಸಿಗದೇ ಹೋದದ್ದು.

ಈಗ ಹಳೆಯ ಬುಟ್ಟಿ ಮಾಡುವ ಮೊದಲ ತಪ್ಪನ್ನು ಹತ್ತಿರದಿಂದ ನೋಡಬಹುದು. 2023ರ ಜುಲೈ, ಕೋಲಾರದ ಎಪಿಎಂಸಿ. ಹದಿನೈದು ಕೆಜಿಯ ಟೊಮೆಟೊ ಬಾಕ್ಸ್ ಹರಾಜಿನಲ್ಲಿ ಎರಡು ಸಾವಿರ ರೂಪಾಯಿ ದಾಟಿತು. ಬೇರೆ ವರ್ಷಗಳಲ್ಲಿ ಬಿಡಿಸಿದ ಕೂಲಿಯೂ ಗಿಟ್ಟದೆ ರಸ್ತೆಬದಿಗೆ ಸುರಿಯುತ್ತಿದ್ದ ಹಣ್ಣು ಅದು. ದೇಶದ ಲೆಕ್ಕದಲ್ಲಿ ಆ ತಿಂಗಳು ಟೊಮೆಟೊ ಬೆಲೆ ಹಿಂದಿನ ವರ್ಷದ ಮೂರು ಪಟ್ಟು. ಸೂಚ್ಯಂಕದಲ್ಲಿ ಟೊಮೆಟೊ ತೂಕ ಶೇ 0.57 ಮಾತ್ರ, ಆದರೂ ಬೆಲೆ ಶೇ 200 ಏರಿದರೆ ಆ ಒಂದು ಹಣ್ಣೇ ಹಣದುಬ್ಬರಕ್ಕೆ ಶೇಕಡಾ ಒಂದಕ್ಕಿಂತ ಹೆಚ್ಚು ಸೇರಿಸುತ್ತದೆ. ಆ ತಿಂಗಳ ಹಣದುಬ್ಬರ ಶೇ 7.44ಕ್ಕೆ ಮುಟ್ಟಿತು.

ಮನೆಗಳಲ್ಲಿ ಆಗ ನಡೆದದ್ದೇ ಬೇರೆ. ಕೆಜಿ ತರುತ್ತಿದ್ದವರು ಕಾಲು ಕೆಜಿ ತಂದರು. ಸಾರಿಗೆ ಹುಣಸೆಹಣ್ಣು ಒಂದಿಷ್ಟು ಹೆಚ್ಚು ಕಿವುಚಿ ಹಾಕಿದರು. ಕೆಲವು ಹೋಟೆಲ್‌ಗಳಲ್ಲಿ ಟೊಮೆಟೊಬಾತ್ ತಿಂಡಿ ಪಟ್ಟಿಯಿಂದಲೇ ಮಾಯವಾಯಿತು. ಸೂಚ್ಯಂಕಕ್ಕೆ ಈ ಉಪಾಯ ಗೊತ್ತಿಲ್ಲ. ಅದು 2012ರಲ್ಲಿ ಕೊಳ್ಳುತ್ತಿದ್ದಷ್ಟೇ ಟೊಮೆಟೊವನ್ನು ಮೂರು ಪಟ್ಟು ಬೆಲೆಗೆ ಕೊಳ್ಳುತ್ತಲೇ ಹೋಗುತ್ತದೆ. ಪ್ರಮಾಣವನ್ನು ಕಟ್ಟಿಹಾಕಿದ ಇಂಥ ಸೂಚ್ಯಂಕ ಹಣದುಬ್ಬರವನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದು ಪಠ್ಯಪುಸ್ತಕದ ಮಾತು. ಅಮೆರಿಕದಲ್ಲಿ 1996ರಲ್ಲಿ ಬಾಸ್ಕಿನ್ ಆಯೋಗ ತಮ್ಮ ಸೂಚ್ಯಂಕ ಹಣದುಬ್ಬರವನ್ನು ವರ್ಷಕ್ಕೆ ಶೇಕಡಾ 1.1 ಅಂಶದಷ್ಟು ಹೆಚ್ಚಿಸಿ ತೋರಿಸುತ್ತಿದೆ ಎಂದು ಅಂದಾಜು ಮಾಡಿತ್ತು, ಅದರಲ್ಲಿ ಒಂದು ಪಾಲು ಈ ಕಾರಣಕ್ಕೆ. ಈಗ ಅಲ್ಲಿ ವರ್ಷಕ್ಕೊಮ್ಮೆ ತೂಕ ಬದಲಿಸುತ್ತಾರೆ.

ಭಾರತದ ಪ್ರಕರಣ ಈ ಪಠ್ಯಕ್ಕೆ ಪೂರ್ತಿ ಹೊಂದುವುದಿಲ್ಲ ಎಂಬುದೇ ನನ್ನ ವಾದ. ಇಲ್ಲಿ ಹಳೆಯ ಬುಟ್ಟಿಯ ದೋಷ ಯಾವಾಗಲೂ ಒಂದೇ ಕಡೆ ವಾಲುವುದಿಲ್ಲ. ಅತಿಯಾದ ತೂಕ ಸಿಕ್ಕಿದ್ದು ಆಹಾರಕ್ಕೆ. ಆಹಾರದ ಬೆಲೆ ಮಳೆ ಕೈಕೊಟ್ಟರೆ ಏರುತ್ತದೆ, ಬೆಳೆ ಚೆನ್ನಾಗಿ ಬಂದರೆ ನೆಲಕಚ್ಚುತ್ತದೆ. ಏರಿದಾಗ ಹಳೆಯ ಬುಟ್ಟಿ ಹಣದುಬ್ಬರವನ್ನು ಹೆಚ್ಚು ತೋರಿಸುತ್ತದೆ, ಇಳಿದಾಗ ಕಡಿಮೆ ತೋರಿಸುತ್ತದೆ.

ಒಂದು ಒರಟು ಲೆಕ್ಕ ಹಾಕಿ ನೋಡಿ. ಪಾನೀಯ ಮತ್ತು ಸಿದ್ಧ ಆಹಾರ ಬಿಟ್ಟು ಲೆಕ್ಕ ಹಾಕುವ ಆಹಾರ ಬೆಲೆ ಸೂಚ್ಯಂಕಕ್ಕೆ ಹಳೆಯ ಸರಣಿಯಲ್ಲಿ ಶೇ 39.06 ತೂಕ. 2024ರ ಅಕ್ಟೋಬರ್‌ನಲ್ಲಿ ಆಹಾರ ಹಣದುಬ್ಬರ ಶೇ 10.87. ಎರಡನ್ನೂ ಗುಣಿಸಿದರೆ ಒಟ್ಟು 6.21ರಲ್ಲಿ 4.2ರಷ್ಟು ಆಹಾರದ್ದೇ. ಉಳಿದೆಲ್ಲ ವಸ್ತುಗಳ ಹಣದುಬ್ಬರ ಶೇ 3.2ರ ಆಸುಪಾಸು ಇತ್ತು ಎಂದಾಯಿತು. ಈಗ ಆಹಾರದ ತೂಕವನ್ನು 39ರ ಬದಲು 30 ಎಂದಿಟ್ಟುಕೊಳ್ಳಿ. ಹಣದುಬ್ಬರ ಶೇ 5.5ಕ್ಕೆ ಬರುತ್ತದೆ, ಅಂದರೆ ಮೇಲ್ಮಿತಿಯ ಒಳಗೆ. ಇದೇ ಲೆಕ್ಕವನ್ನು ಆಹಾರ ಬೆಲೆ ಶೇ 5.02 ಇಳಿದಿದ್ದ 2025ರ ಅಕ್ಟೋಬರ್‌ಗೆ ಹಾಕಿದರೆ 0.25ರ ಜಾಗದಲ್ಲಿ ಶೇ 1 ಸಿಗುತ್ತದೆ. ಇದು ಅಧಿಕೃತ ಲೆಕ್ಕವಲ್ಲ, 30 ಎಂಬುದು ನಾನು ಊಹಿಸಿಕೊಂಡ ತೂಕ. ವರ್ಷಗಳು ಉರುಳಿದಂತೆ ಸಾಪೇಕ್ಷ ಬೆಲೆಗಳೂ ಬದಲಾಗಿರುವುದರಿಂದ ನಿಖರ ಉತ್ತರ ಸ್ವಲ್ಪ ಅತ್ತಿತ್ತ ಆದೀತು. ಆದರೆ ದಿಕ್ಕು ಸ್ಪಷ್ಟ: ಒಂದೇ ತಿದ್ದುಪಡಿ ಒಂದು ವರ್ಷದ ಅಂಕಿಯನ್ನು ಇಳಿಸುತ್ತದೆ, ಮರುವರ್ಷದ್ದನ್ನು ಏರಿಸುತ್ತದೆ.

ಇದು ಲೆಕ್ಕಿಗರ ಜಗಳವಾಗಿ ಮಾತ್ರ ಉಳಿಯುವುದಿಲ್ಲ, ಏಕೆಂದರೆ ಬಡ್ಡಿ ದರ ಇದೇ ಅಂಕಿಯನ್ನು ನೋಡಿ ನಿರ್ಧಾರವಾಗುತ್ತದೆ. 6.21ರ ಅಂಕಿ ಬಂದ ಬೆನ್ನಿಗೆ, 2024ರ ಡಿಸೆಂಬರ್ 6ರಂದು ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ಅದು ಸಾಲ ಕೊಡುವ ಬಡ್ಡಿ ದರವನ್ನು, ಶೇ 6.5ರಲ್ಲೇ ಉಳಿಸಿತು, ಆರು ಸದಸ್ಯರಲ್ಲಿ ಇಬ್ಬರು ಇಳಿಸಬೇಕೆಂದರು. ಇಳಿಕೆ ಶುರುವಾದದ್ದು 2025ರ ಫೆಬ್ರುವರಿಯಲ್ಲಿ, ಡಿಸೆಂಬರ್ ಹೊತ್ತಿಗೆ ದರ ಶೇ 5.25ಕ್ಕೆ ಬಂದಿತ್ತು. ಬುಟ್ಟಿ ಹೊಸದಾಗಿದ್ದರೆ ಡಿಸೆಂಬರ್‌ನಲ್ಲೇ ಇಳಿಸುತ್ತಿದ್ದರು ಎಂದು ಹೇಳಲು ನಾನು ಸಿದ್ಧನಿಲ್ಲ. ಸಮಿತಿ ಮುಂದಿನ ವರ್ಷದ ಅಂದಾಜನ್ನೂ ನೋಡುತ್ತದೆ, ರೂಪಾಯಿ ಮೌಲ್ಯವನ್ನೂ ಲಕ್ಷ್ಯದಲ್ಲಿಡುತ್ತದೆ. 2023-24ರ ಆರ್ಥಿಕ ಸಮೀಕ್ಷೆಯಂತೂ ಆಹಾರವನ್ನೇ ಹಣದುಬ್ಬರದ ಗುರಿಯಿಂದ ಹೊರಗಿಡುವ ಬಗ್ಗೆ ಯೋಚಿಸಬೇಕು ಎಂದಿತ್ತು. ಆ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ತಕ್ಕಡಿ ಹಳತಾಗಿದ್ದರೆ ತಕ್ಕಡಿ ಬದಲಿಸಬೇಕು. ತೂಗಬೇಕಾದ ಅಕ್ಕಿಯನ್ನೇ ಪಕ್ಕಕ್ಕೆ ಸರಿಸಿದರೆ ಏನು ಬಂತು?

ಇಲ್ಲಿಯವರೆಗೆ ಹೇಳಿದ್ದು ಜನ ತಾವಾಗಿ ಅಭ್ಯಾಸ ಬದಲಿಸಿಕೊಂಡ ಕಥೆ. ಕರ್ನಾಟಕದಲ್ಲಿ ಇನ್ನೊಂದು ಬಗೆಯ ಬದಲಾವಣೆ ನಡೆಯಿತು, ಅಳೆಯುವವರಿಗೆ ಅದು ಇನ್ನೂ ಕಷ್ಟದ್ದು.

ಅನ್ನಭಾಗ್ಯವನ್ನೇ ತೆಗೆದುಕೊಳ್ಳಿ. ಕೇಂದ್ರ ಕೊಡುವ ಐದು ಕೆಜಿ ಜತೆಗೆ ಇನ್ನೂ ಐದು ಕೆಜಿ ಕೊಡುತ್ತೇವೆಂದ ರಾಜ್ಯ ಸರ್ಕಾರಕ್ಕೆ 2023ರಲ್ಲಿ ಅಕ್ಕಿ ಸಿಗಲಿಲ್ಲ. ಜುಲೈನಿಂದ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. 2025ರ ಫೆಬ್ರುವರಿಯಿಂದ ದುಡ್ಡಿನ ಬದಲು ಮತ್ತೆ ಅಕ್ಕಿಯೇ ಬಂತು. ನಾಲ್ಕು ಜನರ ಒಂದು ಮನೆಯನ್ನು ಊಹಿಸಿಕೊಳ್ಳಿ. ದುಡ್ಡು ಬರುತ್ತಿದ್ದಾಗ 680 ರೂಪಾಯಿ ತೆಗೆದುಕೊಂಡು ಹೋಗಿ ಅಂಗಡಿಯಿಂದ ಅಕ್ಕಿ ತಂದರೆ ಸಮೀಕ್ಷೆಯ ಪುಸ್ತಕದಲ್ಲಿ ಅದು ಅಕ್ಕಿಯ ಖರ್ಚು. ನ್ಯಾಯಬೆಲೆ ಅಂಗಡಿಯಿಂದ ಅದೇ ಇಪ್ಪತ್ತು ಕೆಜಿ ಪುಕ್ಕಟೆ ಬಂದರೆ ಆ ಖರ್ಚು ಸೊನ್ನೆ. ತಟ್ಟೆಯಲ್ಲಿರುವ ಅನ್ನ ಒಂದೇ, ಬುಟ್ಟಿಯಲ್ಲಿ ಅಕ್ಕಿಯ ತೂಕ ಬೇರೆ.

ಧಾನ್ಯದ ಪಾಲು ಅರ್ಧಕ್ಕಿಂತ ಕೆಳಗೆ ಬಂತು ಎಂದು ಮೇಲೆ ಹೇಳಿದೆನಲ್ಲ, ಅದನ್ನು ಓದುವಾಗ ಈ ಅಂಶ ನೆನಪಿರಬೇಕು. ಜನ ಅನ್ನ ಬಿಟ್ಟು ಹಣ್ಣು ಹಾಲಿಗೆ ತಿರುಗಿದ್ದೂ ನಿಜ, ಅಕ್ಕಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿದ್ದೂ ನಿಜ. 2023ರ ಜನವರಿಯಿಂದ ದೇಶದಾದ್ಯಂತ ಪಡಿತರ ಧಾನ್ಯ ಪೂರ್ತಿ ಉಚಿತವಾಗಿದೆ. ಸಮೀಕ್ಷೆಯವರು ಪುಕ್ಕಟೆ ಸಿಕ್ಕ ವಸ್ತುಗಳಿಗೂ ಬೆಲೆ ಕಟ್ಟಿ ಎರಡನೇ ಲೆಕ್ಕ ಕೊಟ್ಟರು: 2022-23ರಲ್ಲಿ ಹಳ್ಳಿಯ ತಲಾ ಮಾಸಿಕ ಖರ್ಚು 3,773 ರೂಪಾಯಿ, ಉಚಿತ ವಸ್ತುಗಳ ಬೆಲೆ ಸೇರಿಸಿದರೆ 3,860. ಸರಾಸರಿಯಲ್ಲಿ 87 ರೂಪಾಯಿ ವ್ಯತ್ಯಾಸ, ಬಡವರ ಮನೆಯಲ್ಲಿ ಇದು ದೊಡ್ಡ ಮೊತ್ತ.

ಸೊನ್ನೆ ಬೆಲೆ ಲೆಕ್ಕದ ಯಂತ್ರಕ್ಕೂ ತೊಡಕು. ಬೇರೆ ಬೇರೆ ಅಂಗಡಿಗಳಲ್ಲಿ ಸಿಕ್ಕ ಒಂದೇ ವಸ್ತುವಿನ ಬೆಲೆಗಳಿಗೆ ಗುಣೋತ್ತರ ಸರಾಸರಿ ತೆಗೆಯುತ್ತಾರೆ, ಅಂದರೆ ಬೆಲೆ ಅನುಪಾತಗಳನ್ನು ಒಂದಕ್ಕೊಂದು ಗುಣಿಸಿ ಮೂಲ ತೆಗೆಯುವುದು. ಅಲ್ಲಿ ಒಂದು ಸೊನ್ನೆ ನುಗ್ಗಿದರೆ ಇಡೀ ಗುಣಲಬ್ಧ ಸೊನ್ನೆ. ಹಾಗಾಗಿ ಉಚಿತ ವಸ್ತುವನ್ನು ಬೇರೆಯಾಗಿಯೇ ನಿಭಾಯಿಸಬೇಕಾಗುತ್ತದೆ.

ಬಸ್ಸಿನ ವಿಷಯ ಇನ್ನೂ ಸ್ವಾರಸ್ಯಕರ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರು. 2026ರಲ್ಲಿ ಬಂದ ಹೊಸ ಬುಟ್ಟಿಗೆ ತೂಕ ಕೊಟ್ಟ ಸಮೀಕ್ಷೆ ನಡೆದದ್ದು 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ. ಅಂದರೆ ಸಮೀಕ್ಷೆಯ ಅಷ್ಟೂ ತಿಂಗಳು ಕರ್ನಾಟಕದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡು ಕೊಟ್ಟಿಲ್ಲ. ಗಾರ್ಮೆಂಟ್ಸಿಗೆ ಹೋಗುವವರು, ಸಂತೆಗೆ ಹೋಗುವವರು, ಧರ್ಮಸ್ಥಳಕ್ಕೆ ಹೋಗಿಬಂದವರು ಎಲ್ಲರ ಬಸ್ ಖರ್ಚೂ ಅಲ್ಲಿ ಸೊನ್ನೆ. 2025ರ ಜನವರಿಯಲ್ಲಿ ರಾಜ್ಯದ ಬಸ್ ದರ ಶೇ 15 ಏರಿತು. ಗಂಡಸರಿಗೆ ಅದು ಶೇ 15ರ ಹಣದುಬ್ಬರ, ಹೆಂಗಸರಿಗೆ ಏನೂ ಅಲ್ಲ. ಹೊಸ ತೂಕ ಇದನ್ನು ಒಂದು ಮಟ್ಟಿಗೆ ಸರಿಯಾಗಿ ಹಿಡಿಯುತ್ತದೆ, ಏಕೆಂದರೆ ಮನೆಯವರು ನಿಜವಾಗಿ ಕೊಡುವ ದುಡ್ಡು ಕಡಿಮೆಯಾಗಿದೆ. ತಲೆನೋವು ಇರುವುದು ಮುಂದೆ. ನಾಳೆ ಯೋಜನೆ ನಿಂತಿತು ಎಂದಿಟ್ಟುಕೊಳ್ಳಿ. ಟಿಕೆಟ್ ದರ ಒಂದು ಪೈಸೆಯೂ ಬದಲಾಗಿರುವುದಿಲ್ಲ, ಬದಲಾಗುವುದು ಅದನ್ನು ಯಾರು ಕೊಡಬೇಕು ಎಂಬುದು. ಬಸ್ ನಿಲ್ದಾಣದ ದರಪಟ್ಟಿ ನೋಡಿ ಬರೆದುಕೊಂಡು ಹೋಗುವ ಸೂಚ್ಯಂಕಕ್ಕೆ ಅದು ಕಾಣಬೇಕಾದರೆ ಯಾರಾದರೂ ಕೂತು ನಿಯಮ ಮಾಡಬೇಕು.

ಚಿಲ್ಲರೆ ಹಣದುಬ್ಬರದ ಬುಟ್ಟಿಯೇ ಹಳತು ಎಂದು ಗೊಣಗುವವರು ಕೃಷಿ ಕಾರ್ಮಿಕರ ಸೂಚ್ಯಂಕವನ್ನು ನೋಡಬೇಕಿತ್ತು. ಅದರ ಮೂಲ ವರ್ಷ 1986-87, ತೂಕ 1983ರ ಸಮೀಕ್ಷೆಯದ್ದು, ಆಹಾರದ ಪಾಲು ಶೇ 69.15. ಇಂದಿರಾ ಗಾಂಧಿ ಪ್ರಧಾನಿಯಾಗಿದ್ದ ಕಾಲದ ಬುಟ್ಟಿ ಅದು. ನರೇಗಾ ಕೂಲಿಯನ್ನು ವರ್ಷ ವರ್ಷ ಪರಿಷ್ಕರಿಸಿದ್ದು ಇದೇ ಸೂಚ್ಯಂಕ ನೋಡಿ. 2025ರ ಏಪ್ರಿಲ್‌ನಲ್ಲಿ ಕರ್ನಾಟಕದ ಕೂಲಿ 349ರಿಂದ 370 ರೂಪಾಯಿಗೆ ಏರಿದ್ದಕ್ಕೂ ಆಧಾರ ಅದೇ. ಕೂಲಿಯವನ ಮಗಳು ಪಿಯುಸಿಗೆ ಹೋಗುತ್ತಿದ್ದಾಳೆ, ಮನೆಯಲ್ಲಿ ಎರಡು ಮೊಬೈಲ್ ರೀಚಾರ್ಜ್ ಆಗಬೇಕು, ತಿಂಗಳಿಗೊಮ್ಮೆ ಶುಗರ್ ಮಾತ್ರೆ ತರಬೇಕು. ನಲವತ್ತು ವರ್ಷದ ಹಿಂದಿನ ಬುಟ್ಟಿಯಲ್ಲಿ ಇವಕ್ಕೆ ಜಾಗವೇ ಇಲ್ಲ ಎನ್ನುವಷ್ಟು ಕಡಿಮೆ ತೂಕ. 2025ರ ಜೂನ್ ಅಂಕಿಯಿಂದ 2019ರ ಮೂಲ ವರ್ಷಕ್ಕೆ ಬದಲಾಯಿಸಿದರು. ಸುದ್ದಿವಾಹಿನಿಗಳು ಕ್ಯಾಸೆಟ್‌ಗೆ ಕೊಟ್ಟಷ್ಟು ಹೊತ್ತನ್ನು ಇದಕ್ಕೆ ಕೊಡಲಿಲ್ಲ.

2024ನ್ನು ಮೂಲ ವರ್ಷವಾಗಿಟ್ಟುಕೊಂಡ ಹೊಸ ಗ್ರಾಹಕ ಬೆಲೆ ಸೂಚ್ಯಂಕ 2026ರ ಫೆಬ್ರುವರಿ 12ರಂದು ಬಂತು. ಆಹಾರ ಮತ್ತು ಪಾನೀಯಗಳ ತೂಕ ಶೇ 45.86ರಿಂದ 37ರ ಸಮೀಪಕ್ಕೆ ಇಳಿಯಿತು. ವಸ್ತು ಮತ್ತು ಸೇವೆಗಳ ಸಂಖ್ಯೆ 299ರಿಂದ 358ಕ್ಕೆ ಹೋಯಿತು. ಡಿವಿಡಿ ಹೊರಟಿತು, ಒಟಿಟಿ ಚಂದಾ ಬಂತು. ಹಳ್ಳಿಯ ಮನೆ ಬಾಡಿಗೆಗೆ ಮೊದಲ ಸಲ ಜಾಗ ಸಿಕ್ಕಿತು. ದೊಡ್ಡ ನಗರಗಳಲ್ಲಿ ಆನ್‌ಲೈನ್ ಅಂಗಡಿಗಳ ಬೆಲೆಯನ್ನೂ ತೆಗೆದುಕೊಳ್ಳುತ್ತಾರೆ, ಇಷ್ಟು ಜನ ಮೊಬೈಲ್‌ನಲ್ಲೇ ಕೊತ್ತಂಬರಿ ಸೊಪ್ಪು ತರಿಸುವ ಕಾಲದಲ್ಲಿ ಅದು ಆಗಲೇಬೇಕಿತ್ತು.

ಮುಂದೆ ತರಕಾರಿ ಬೆಲೆ ಎದ್ದು ಕುಣಿದಾಗ ಒಟ್ಟು ಅಂಕಿ ಮೊದಲಿನಷ್ಟು ಜಿಗಿಯುವುದಿಲ್ಲ. ಅರ್ಥಶಾಸ್ತ್ರಜ್ಞರಿಗೆ ಇದು ನೆಮ್ಮದಿ. ನನಗೆ ಇಲ್ಲಿ ಒಂದು ತಕರಾರಿದೆ. ತೂಕ ಹಾಕುವಾಗ ಎಲ್ಲ ಕುಟುಂಬಗಳ ಖರ್ಚನ್ನೂ ಒಟ್ಟಿಗೆ ಸುರಿದು ಪಾಲು ತೆಗೆಯುತ್ತಾರೆ. ಹಾಗಾಗಿ ತಿಂಗಳಿಗೆ ಲಕ್ಷ ಖರ್ಚು ಮಾಡುವ ಮನೆ, ಹತ್ತು ಸಾವಿರ ಖರ್ಚು ಮಾಡುವ ಮನೆಗಿಂತ ಬುಟ್ಟಿಯ ಮೇಲೆ ಹತ್ತು ಪಟ್ಟು ಪ್ರಭಾವ ಬೀರುತ್ತದೆ. 2022-23ರಲ್ಲಿ ಹಳ್ಳಿಯ ತೀರಾ ಬಡ ಶೇ 5 ಜನರ ತಲಾ ಮಾಸಿಕ ಖರ್ಚು 1,373 ರೂಪಾಯಿ, ಪಟ್ಟಣದ ಅತಿ ಶ್ರೀಮಂತ ಶೇ 5 ಜನರದ್ದು 20,824. ಸರಾಸರಿ ಬುಟ್ಟಿಯಲ್ಲಿ ಆಹಾರ ಹಗುರವಾಯಿತು ಎಂದರೆ ಮೊದಲನೆಯವರ ಚೀಲದಲ್ಲೂ ಅಷ್ಟೇ ಹಗುರವಾಯಿತು ಎಂದಲ್ಲ. ಈರುಳ್ಳಿ ನೂರು ರೂಪಾಯಿ ಆದಾಗ ಅವರಿಗೆ ಹಳೆಯ ಸೂಚ್ಯಂಕದ ಅಂಕಿಯೇ ಹತ್ತಿರದ್ದಾಗಿತ್ತು, ಹೊಸದು ಇನ್ನಷ್ಟು ದೂರ ಹೋಗಿದೆ.

ಬ್ರಿಟನ್‌ನ ಅಂಕಿಅಂಶ ಕಚೇರಿ ಆದಾಯದ ಗುಂಪುಗಳಿಗೆ ತಕ್ಕಂತೆ ಬೇರೆ ಬೇರೆ ಸೂಚ್ಯಂಕ ಪ್ರಕಟಿಸುತ್ತದೆ. ನಮ್ಮ ಸಮೀಕ್ಷೆಯೂ ಕುಟುಂಬಗಳನ್ನು ಖರ್ಚಿನ ಪ್ರಕಾರ ಹನ್ನೆರಡು ವರ್ಗಗಳಾಗಿ ಈಗಾಗಲೇ ವಿಂಗಡಿಸಿ ಕೊಟ್ಟಿದೆ, ಬೆಲೆಗಳು ಪ್ರತಿ ತಿಂಗಳೂ ಬರುತ್ತಲೇ ಇವೆ. ಕೆಳಗಿನ ಮೂರು ನಾಲ್ಕು ವರ್ಗಗಳಿಗೆ ಬೇರೆ ತೂಕ ಹಾಕಿ ಇನ್ನೊಂದು ಸಾಲು ಅಂಕಿ ಪ್ರಕಟಿಸಲು ಹೊಸ ಸಮೀಕ್ಷೆ ಬೇಕಿಲ್ಲ.